ಮದ್ವೆ ಮನೇಲಿ ಸ್ವಲ್ಪ ಜಾಸ್ತಿನೇ ನಕ್ಕೆ

ಬೈಪೋಲಾರ್ ಅಂದ್ರೆ ಬೆಳಗ್ಗೆ ನಗು ಸಂಜೆ ಅಳು ಅಂತ ತುಂಬಾ ಜನ ಅನ್ಕೊಂಡಿದಾರೆ, ಹಂಗಲ್ಲ. ನಂಗಿರೋ ಈ ಮೂಡಿನ ಕಾಯಿಲೇಲಿ ಮನಸ್ಸು ಮೇಲೆ ಹೋದ್ರೆ ವಾರಗಟ್ಲೆ, ಕೆಳಗೆ ಬಿದ್ರೆ ತಿಂಗಳುಗಟ್ಲೆ. ಬಿದ್ದಾಗ ಎಲ್ರಿಗೂ ಗೊತ್ತಾಗುತ್ತೆ, ಹಾಸಿಗೆ ಬಿಟ್ಟು ಏಳಲ್ಲ, ತಲೆ ಬಾಚಲ್ಲ. ಮೇಲೆ ಹೋಗೋದು ಮಾತ್ರ ಕಾಯಿಲೆ ಥರ ಕಾಣೋದೇ ಇಲ್ಲ, ಮೂರು ಗಂಟೆ ಮಲಗಿ ಫ್ರೆಶ್ಶಾಗಿ ಎದ್ದು ಅಡುಗೆಮನೆ ಡಬ್ಬ ಎಲ್ಲಾ ತೊಳೆದಿಟ್ರೆ "ಎಷ್ಟು ಚುರುಕಾಗಿದಾಳೆ ನೋಡು" ಅಂತಾರೆ, ಕ್ರೆಡಿಟ್ ಕಾರ್ಡ್ ಬಿಲ್ ಬಂದ್ಮೇಲೆ ಅರ್ಥ ಆಗುತ್ತೆ.

ಮೊನ್ನೆ ತುಮಕೂರಲ್ಲಿ ದೊಡ್ಡಪ್ಪನ ಮಗಳ ಮದ್ವೆ. ಡಾಕ್ಟ್ರು ಮೊದ್ಲೇ ಹೇಳಿದ್ರು, ಹೋಗಿ, ಆದ್ರೆ ನಿದ್ದೆ ಕೆಡಿಸ್ಕೋಬೇಡಿ ಅಂತ. ನಿದ್ದೆ ಕೆಟ್ರೆ ಮೇನಿಯಾ, ಅಂದ್ರೆ ಆ ಮೇಲೆ ಹೋಗೋದು, ಶುರುವಾಗೋ ಚಾನ್ಸ್ ಜಾಸ್ತಿ. ಅದಕ್ಕೇ ರಿಸೆಪ್ಷನ್ ಮುಗಿದು ಎಲ್ರೂ ಅಂತ್ಯಾಕ್ಷರಿ, ಇಸ್ಪೀಟು ಅಂತ ಕೂತಾಗ ನಾನು ಹತ್ತಕ್ಕೇ ಮೂಡು ಹದದಲ್ಲಿಡೋ ಲಿಥಿಯಂ ಮಾತ್ರೆ ನುಂಗಿ ಛತ್ರದ ರೂಮಲ್ಲಿ ಯಾರದೋ ಸೂಟ್‌ಕೇಸ್ ಪಕ್ಕ ಮಲ್ಕೊಂಡೆ. ಹೊಟ್ಟೆ ಉರೀತು, ಸುಳ್ಳು ಯಾಕೆ.

ಬೆಳಗ್ಗೆ ಎದ್ರೆ ತಲೆನೋವು. ಚಿಕ್ಕಮ್ಮ ಪರ್ಸಿಂದ ಐಬುಪ್ರೊಫೆನ್ ತೆಗೆದ್ರು, ಬೇಡ ಅಂದೆ. ಲಿಥಿಯಂ ತಗೊಳ್ಳೋರು ಆ ಥರದ ನೋವಿನ ಮಾತ್ರೆ ನುಂಗಿದ್ರೆ ಕಿಡ್ನಿ ಲಿಥಿಯಂನ ಸರಿಯಾಗಿ ಹೊರಗೆ ಹಾಕಲ್ಲ, ರಕ್ತದಲ್ಲಿ ಲೆವೆಲ್ ಏರುತ್ತೆ. ನಂಗೆ 0.6ರಿಂದ 0.8ರ ಒಳಗಿರ್ಬೇಕು ಅಂದಿದಾರೆ, ಅದಕ್ಕೇ ಆಗಾಗ ರಾತ್ರಿ ಮಾತ್ರೆ ತಗೊಂಡು 12 ಗಂಟೆ ಆದ್ಮೇಲೆ ರಕ್ತ ಕೊಟ್ಟು ಬರ್ತೀನಿ. 1.5 ದಾಟಿದ್ರೆ ವಾಂತಿ, ಭೇದಿ, ಕೈ ಜೋರಾಗಿ ನಡುಗೋದು, ಮಾತು ತೊದಲೋದು. ಇಷ್ಟನ್ನೂ ಇಡ್ಲಿ ತಿನ್ನೋ ಪಂಕ್ತೀಲಿ ಕೂತು ವಿವರಿಸೋಕಾಗುತ್ತಾ? ಅಲರ್ಜಿ ಅಂದ್ಬಿಟ್ಟು ಪ್ಯಾರಾಸಿಟಮಾಲ್ ಇಸ್ಕೊಂಡೆ.

ಧಾರೆ ಆದ್ಮೇಲೆ ಮದುಮಗನ ಚಪ್ಪಲಿ ಬಚ್ಚಿಟ್ವಿ, ಗ್ಯಾಂಗಿಗೆ ನಾನೇ ಲೀಡರ್, ಐದು ಸಾವಿರ ಕೊಡಿ ಅಂತ ಚೌಕಾಸಿ ಮಾಡ್ತಾ ಮಾಡ್ತಾ ಎಷ್ಟು ಜೋರಾಗಿ ನಕ್ಕೆ ಅಂದ್ರೆ ಪುರೋಹಿತ್ರೂ ತಿರುಗಿ ನೋಡಿದ್ರು. ನೋಡಿದ್ರೆ ಅಮ್ಮನೂ ನನ್ನೇ ನೋಡ್ತಾ ನಿಂತಿದಾರೆ. ಅಷ್ಟೇ, ತಲೇಲಿ ಶುರುವಾಯ್ತು. ಮಾತು ಸ್ಪೀಡಾಯ್ತಾ? ಬೇರೆಯವ್ರನ್ನ ಮಾತಾಡೋಕೆ ಬಿಡ್ತಿದೀನಾ? ಇದು ನನ್ನ ಖುಷಿನಾ, ಕಾಯಿಲೆದಾ? ಬೇರೆಯವ್ರು ಖುಷಿಯಾದಾಗ ಸುಮ್ನೆ ಖುಷಿ ಪಡ್ತಾರೆ, ನಾವು ಮೊದ್ಲು ಚೆಕ್ ಮಾಡ್ಬೇಕು. ಡಿಪ್ರೆಶನ್‌ಗಿಂತ ನಂಗೆ ಇದೇ ಜಾಸ್ತಿ ಸುಸ್ತು ಮಾಡೋದು.

ಅಮ್ಮ ಹತ್ರ ಬಂದು ಮೆತ್ತಗೆ, "ರಾತ್ರಿ ನಿದ್ದೆ ಬಂತೇನೇ?" ಅಂದ್ರು.

"ಬಂತಮ್ಮ, ಹತ್ತರಿಂದ ಐದರ ತನಕ ಎಚ್ಚರನೇ ಇಲ್ಲ."

ಒಂದ್ಸಲ ಮುಖ ನೋಡಿದ್ರು. "ಹಂಗಾದ್ರೆ ಐದು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ ಬಿಡ್ಬೇಡ" ಅಂದ್ರು.