ನಾಲ್ಕನೇ ಕಾಲಂ

ಸೇತುವೆಯ ಹೆಸರು ಬೇಡ. ಶಿವಮೊಗ್ಗದ ಕಡೆಯದು, ಗಾರೆಯಲ್ಲಿ ಕಟ್ಟಿದ ಕಲ್ಲಿನ ಕಮಾನುಗಳು, ಕೆಳಗೆ ತುಂಗೆ. ಏಪ್ರಿಲ್ ಕೊನೆಯಲ್ಲಿ ಬಿರುಕಿನ ಅಗಲ ಅಳೆಯುವ ಕ್ರ್ಯಾಕ್ ಮೀಟರ್, ವಾಲುವುದನ್ನು ಅಳೆಯುವ ಟಿಲ್ಟ್ ಮೀಟರ್ ಕೂರಿಸಿದೆವು. ಮೂರು ವಾರದ ಡೇಟಾ ನೋಡಿ ಥ್ರೆಶೋಲ್ಡ್, ಅಂದರೆ ಬಿರುಕು ಎಷ್ಟು ಅಗಲವಾದರೆ ಅಲಾರಂ ಎಂಬ ಮಿತಿ, 0.3 ಮಿ.ಮೀ. ಅಂತ ಹಾಕಿದವನು ನಾನೇ. ಒಂದು ವರ್ಷದ ಬೇಸ್‌ಲೈನ್, ಅಂದರೆ ಮಾಮೂಲಿ ಏರಿಳಿತದ ಲೆಕ್ಕ, ಬೇಕು ಎಂದು ಮೇಲ್ ಹಾಕಿದ್ದೆ, ನಿಜ. ಮೇಲಿನವರಿಗೆ ಬೇಕಿದ್ದದ್ದು ಉದ್ಘಾಟನೆಯ ದಿನ ಪರದೆಯ ಮೇಲೆ ಹಸಿರು ದೀಪ.

ಮಳೆ ಹಿಡಿಯಿತು. ನಾಲ್ಕು ದಿನ ಬಿಸಿಲಿಲ್ಲ, ಮೀಟರುಗಳ ರೀಡಿಂಗ್ ನಮಗೆ ಕಳಿಸುವ ಗೇಟ್‌ವೇ ಪೆಟ್ಟಿಗೆ ಮಲಗಿತು. ಬಯಲುಸೀಮೆಯ ಲೆಕ್ಕದಲ್ಲಿ ಮಲೆನಾಡಿಗೆ ಸೋಲಾರ್ ಕಳಿಸಿದ ಪುಣ್ಯಾತ್ಮರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಐದನೇ ದಿನ ಹುಡುಗ ಹೋಗಿ ಬ್ಯಾಟರಿ ಬದಲಿಸಿದ. ಸಿಗ್ನಲ್ ಸಿಕ್ಕಿದ್ದು ರಾತ್ರಿ 11:40ಕ್ಕೆ. ಫೋನ್ ಕಿರುಚಿತು: ದಡದ ಕಮಾನು, ರೆಡ್, 0.42.

ಗ್ರಾಫ್ ಗೋಡೆಯ ಹಾಗೆ ನೆಟ್ಟಗೆ ಎದ್ದಿತ್ತು. ಗಾಜನೂರಿನ ಅಣೆಕಟ್ಟಿನಲ್ಲಿ ಗೇಟ್ ತೆಗೆದ ಸುದ್ದಿ ಸಂಜೆಯೇ ಬಂದಿತ್ತು. ಹೊಳೆ ಕಂಬದ ಬುಡ ಕೊರೆಯುತ್ತಿದೆ, ಅಷ್ಟೇ ತಲೆಯಲ್ಲಿ. ಬುಡ ಕುಸಿದಿದ್ದರೆ ಕಂಬ ವಾಲಬೇಕು. ಟಿಲ್ಟ್ ಅಲ್ಲಾಡಿರಲೇ ಇಲ್ಲ, ಒಂದು ಕ್ಲಿಕ್ ದೂರದಲ್ಲಿತ್ತು. ನೋಡಲಿಲ್ಲ. ಫೋನ್ ಮಾಡಿದೆ. ಹನ್ನೆರಡೂಕಾಲಿಗೆ ಎರಡೂ ಕಡೆ ಬ್ಯಾರಿಕೇಡ್.

ನಾನು ಹೋಗುವಷ್ಟರಲ್ಲಿ ಲಾರಿಗಳ ಸಾಲು. ಹಾಲಿನ ಲಾರಿಯವನು ಕಿಟಕಿ ಇಳಿಸಿ ಕೇಳಿದ, 'ಬಿದ್ದಿದೆಯಾ, ಬೀಳ್ತದಾ?' ಗೊತ್ತಿಲ್ಲ ಅಂದೆ. 'ಮತ್ತೆ ನೀವ್ಯಾರು?' ಮಳೆಯಲ್ಲಿ ನಿಂತೇ ಇದ್ದೆ.

ಬೆಳಗಿನ ಜಾವ ಇಲಾಖೆಯ ಹಳೇ ಮೇಸ್ತ್ರಿ ಬಂದರು. ಟಾರ್ಚ್ ಹಿಡಿದು ಕಮಾನಿನಡಿ ಕರೆದುಕೊಂಡು ಹೋದರು. ನಮ್ಮ ಹೊಳೆಯುವ ಕ್ರ್ಯಾಕ್ ಮೀಟರಿನಿಂದ ಗೇಣು ದೂರದಲ್ಲಿ ಬಿರುಕಿಗೆ ಅಡ್ಡಲಾಗಿ ಸುಣ್ಣದ ಪಟ್ಟಿ, ಅದರ ಮೇಲೆ ಬಿರುಕಿನ ಅಗಲ ಗುರುತಿಸಿದ ಪೆನ್ಸಿಲ್ ಗೆರೆಗಳು, ಪ್ರತಿ ಗೆರೆಗೂ ತಾರೀಖು. 'ಮಳೆಗಾಲದಲ್ಲಿ ಬಾಯಿ ಬಿಡ್ತದೆ, ಬೇಸಿಗೇಲಿ ಮುಚ್ತದೆ. ಇದಕ್ಕೆ ರಸ್ತೆ ಬಂದ್ ಮಾಡಿಸಿದ್ರಾ ಸಾರ್?'

ಕಾರಿನಲ್ಲಿ ಕೂತು ಕಚ್ಚಾ ಫೈಲ್ ತೆಗೆದೆ. ನಮ್ಮ ಕ್ರ್ಯಾಕ್ ಮೀಟರ್ ವೈಬ್ರೇಟಿಂಗ್ ವೈರ್ ಗೇಜು, ತಂತಿಯ ಕಂಪನದಿಂದ ಅಳೆಯುವಂಥದ್ದು. ಇಂಥವುಗಳೊಳಗೆ ಸಾಮಾನ್ಯವಾಗಿ ತಾಪಮಾನ ಅಳೆಯುವ ಥರ್ಮಿಸ್ಟರ್ ಇರುತ್ತದೆ, ಫೈಲಿನಲ್ಲಿ ಅದು ನಾಲ್ಕನೇ ಕಾಲಂ. ಕೂರಿಸಿದ ದಿನ 34 ಡಿಗ್ರಿ, ಈಗ 22. ಕಲ್ಲು ತಣಿದು ಕುಗ್ಗಿದೆ, ಬಿರುಕು ಅಗಲವಾಗಿದೆ. ಅದೂ ನಾಲ್ಕು ದಿನದಲ್ಲಿ ನಿಧಾನಕ್ಕೆ. ಮೀಟರುಗಳ ಪಕ್ಕದ ನೋಡ್ ಪೆಟ್ಟಿಗೆಗಳಲ್ಲಿ ಕೂಡಿಬಿದ್ದಿದ್ದ ರೀಡಿಂಗ್‌ಗಳೆಲ್ಲ ಒಟ್ಟಿಗೆ ಬಂದಾಗ ನಮ್ಮ ಡ್ಯಾಶ್‌ಬೋರ್ಡ್ ಅಳೆದ ಹೊತ್ತು ಬಿಟ್ಟು ಬಂದ ಹೊತ್ತು ಹಾಕಿತ್ತು. ಗೋಡೆ ಎದ್ದದ್ದು ಹಾಗೆ. ಕಚ್ಚಾ ಫೈಲ್ ರಾತ್ರಿಯೇ ತೆಗೆದಿದ್ದರೆ ಐದು ನಿಮಿಷದ ಕೆಲಸ.

ಈಗ ತಾಪಮಾನ ಕಳೆದು ಉಳಿದದ್ದಕ್ಕೆ ಮಾತ್ರ ಅಲಾರಂ. ಟಿಲ್ಟೂ ಜೊತೆಗೆ ಅಲ್ಲಾಡಿದರೇನೇ ರೆಡ್. ಮೇಸ್ತ್ರಿಯ ಗೆರೆಗಳನ್ನು ಫೋಟೋ ತೆಗೆದು ಎಕ್ಸೆಲ್‌ಗೆ ಹಾಕಿದೆ. ನಮ್ಮ ಹತ್ತಿರ ಇರುವ ದೀರ್ಘಾವಧಿ ಡೇಟಾ ಅದೊಂದೇ. ವರದಿಯಲ್ಲಿ ಮೇಲಿನವರು 'ಎಚ್ಚರಿಕೆ ವ್ಯವಸ್ಥೆ ಯಶಸ್ವಿಯಾಗಿ ಕಾರ್ಯನಿರ್ವಹಿಸಿದೆ' ಎಂದು ಬರೆದುಕೊಂಡರು.

ಹಾಲಿನ ಲಾರಿಯವನು ನನ್ನನ್ನು ಕಂಡರೆ ಈಗಲೂ ಕಿಟಕಿ ಇಳಿಸುತ್ತಾನೆ. 'ಸಾರ್, ಇವತ್ತು ದಾಟಬಹುದಾ?'