ಎರಡು ಸಾವಿರ ವರ್ಷ ಹಳೆಯ ವಕೀಲರನ್ನು ಈಗೇಕೆ ಓದಬೇಕು?

ರೋಮಿನ ವಾಗ್ಮಿ ಸಿಸೆರೊ, ತತ್ತ್ವಜ್ಞಾನಿ ಸೆನೆಕರ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: ಆ ಸಾಮ್ರಾಜ್ಯ ಹೋಯಿತು, ಆ ಸೆನೆಟ್ ಹೋಯಿತು, ಲ್ಯಾಟಿನ್ ಯಾರ ಮನೆಮಾತಾಗಿಯೂ ಉಳಿದಿಲ್ಲ. ಆದರೂ ಜನ ಈ ರೋಮನ್ನರನ್ನು ಓದುವುದನ್ನು ಬಿಟ್ಟಿಲ್ಲವಲ್ಲ, ಏಕೆ?

ಅವರು ಮಾತನ್ನು ಕಸುಬಿನಂತೆ ಕಲಿತರು. ಆಮೇಲೆ ಅದೇ ಕಸುಬಿನ ಹತಾರಗಳಿಂದ ತಮ್ಮ ಮನಸ್ಸನ್ನು ತಿದ್ದಿಕೊಳ್ಳಲು ಹೊರಟರು. ನ್ಯಾಯಾಲಯದಲ್ಲಿ ಇನ್ನೊಬ್ಬರ ಪರ ವಾದಿಸುವುದಕ್ಕೂ ರಾತ್ರಿ ದೀಪ ಆರಿಸಿದ ಮೇಲೆ ತನ್ನನ್ನೇ ವಿಚಾರಣೆಗೆ ನಿಲ್ಲಿಸಿಕೊಳ್ಳುವುದಕ್ಕೂ ಅವರಲ್ಲಿ ಒಂದೇ ಗರಡಿ. ಆ ಹತಾರಗಳು ಈಗಲೂ ಕೈಗೆ ಒಗ್ಗುತ್ತವೆ ಎಂಬುದೇ ನನ್ನ ಉತ್ತರ.

ಕ್ರಿ.ಪೂ. 70ರ ಒಂದು ಮೊಕದ್ದಮೆ ನೋಡಿ. ಸಿಸಿಲಿಯ ರಾಜ್ಯಪಾಲನಾಗಿದ್ದ ಗಾಯಸ್ ವೆರ್ರೆಸ್‌ನ ಮೇಲೆ ಅಲ್ಲಿನ ಜನ ಸುಲಿಗೆಯ ದೂರು ತಂದರು. ಅವನು ದೋಚಿದ್ದು 4 ಕೋಟಿ ಸೆಸ್ಟರ್ಷಿಯಸ್ (ರೋಮನ್ ನಾಣ್ಯ) ಎಂದು ಅವರ ಪರ ನಿಂತ ಸಿಸೆರೊನ ಆರೋಪ. ಸಾಕ್ಷ್ಯ ಕಲೆಹಾಕಲು 110 ದಿನಗಳ ಕಾಲಾವಕಾಶ ಪಡೆದಿದ್ದ ಸಿಸೆರೊ, 50 ದಿನದಲ್ಲೇ ಸಿಸಿಲಿ ಸುತ್ತಿ ಕೆಲಸ ಮುಗಿಸಿದ. ವೆರ್ರೆಸ್ ಪರ ಎದುರಿಗಿದ್ದವನು ಹಾರ್ಟೆನ್ಸಿಯಸ್, ಆಗ ರೋಮಿನಲ್ಲಿ ಮಾತಿಗೆ ಮೊದಲ ಹೆಸರು. ಮುಂದಿನ ವರ್ಷದ ಕಾನ್ಸುಲ್, ಎಂದರೆ ರೋಮಿನ ಅತ್ಯುನ್ನತ ಅಧಿಕಾರಿ, ಆಗಿಯೂ ಅವನು ಆಗಲೇ ಆಯ್ಕೆಯಾಗಿದ್ದ. ಹೇಗಾದರೂ ವಿಚಾರಣೆಯನ್ನು ಮುಂದಿನ ವರ್ಷಕ್ಕೆ ಎಳೆದುಬಿಟ್ಟರೆ ಅಧಿಕಾರ ತಮ್ಮವರ ಕೈಲಿರುತ್ತದೆ ಎಂಬುದು ವೆರ್ರೆಸ್ ಕಡೆಯವರ ಲೆಕ್ಕ.

ವಿಚಾರಣೆ ಆಗಸ್ಟ್ 5ಕ್ಕೆ ಶುರು. 16ರಿಂದ ಕ್ರೀಡೋತ್ಸವಗಳ ಸಾಲು, ಕಲಾಪಕ್ಕೆ ರಜೆ. ಪದ್ಧತಿಯಂತೆ ದೀರ್ಘ ಭಾಷಣದಿಂದ ಆರಂಭಿಸಿದ್ದರೆ ನಡುವಿನ ಹನ್ನೊಂದು ದಿನ ಅದಕ್ಕೇ ಸರಿಹೋಗುತ್ತಿತ್ತು. ಸಿಸೆರೊ ಚಿಕ್ಕದಾಗಿ ಮಾತಾಡಿ, ಈ ಎಳೆದಾಟದ ಸಂಚನ್ನೇ ತೀರ್ಪುಗಾರರ ಮುಂದೆ ಬಿಚ್ಚಿಟ್ಟು, ನೇರವಾಗಿ ಸಾಕ್ಷಿಗಳನ್ನು ಕರೆಸಿದ. ವೆರ್ರೆಸ್ ತೀರ್ಪಿಗೂ ಕಾಯದೆ ಇಂದಿನ ಮಾರ್ಸೇಲ್‌ಗೆ ಹೊರಟುಹೋದ. ಸಿಸೆರೊ ಅಣಿಮಾಡಿದ್ದ ಉಳಿದ ವಾದ ಐದು ಪುಸ್ತಕಗಳಾಗಿ ಪ್ರಕಟವಾಯಿತು. ಕಟಕಟೆಯ ಮುಂದೆ ಅದನ್ನು ಆಡುವ ಸಂದರ್ಭವೇ ಬರಲಿಲ್ಲ. ರೋಮನ್ ವಾಗ್ಮಿತೆ ಎಂದರೆ ಅಲಂಕಾರಗಳ ಮಹಾಪೂರ ಎಂದು ತಿಳಿದವರಿಗೆ ನಾನು ಮೊದಲು ತೋರಿಸುವುದು ಆ ಚಿಕ್ಕ ಭಾಷಣವನ್ನು.

ಈ ಕಸುಬನ್ನು ಹೇಗೆ ಕಲಿಸುತ್ತಿದ್ದರು ಎನ್ನಲು ಅದೇ ಶತಮಾನದ ಒಂದು ಕೈಪಿಡಿ ಉಳಿದಿದೆ, ಹೆಸರು 'ರೆಟೊರಿಕಾ ಆಡ್ ಹೆರೆನ್ನಿಯಂ'. ಬಹುಕಾಲ ಸಿಸೆರೊನದೇ ಎಂದು ನಂಬಿದ್ದರು, ಅಲ್ಲ. ಅದರಲ್ಲಿ ಭಾಷಣಕ್ಕೆ ಆರು ಭಾಗ: ಪೀಠಿಕೆ, ನಡೆದ ಸಂಗತಿ, ವಿಂಗಡಣೆ, ಸಮರ್ಥನೆ, ಖಂಡನೆ, ಮುಕ್ತಾಯ. ಇಷ್ಟನ್ನು ಯಾವ ಪಠ್ಯಪುಸ್ತಕವೂ ಹೇಳೀತು. ಅದರ ಬೆಲೆ ಇರುವುದು ಸಣ್ಣ ಸಣ್ಣ ಎಚ್ಚರಿಕೆಗಳಲ್ಲಿ. 'ನಾನು ಇಷ್ಟು ಅಂಶ ಹೇಳುತ್ತೇನೆ' ಎಂದು ಎಣಿಸುವಾಗ ಮೂರನ್ನು ದಾಟಬೇಡಿ. ದಾಟಿದರೆ ಲೆಕ್ಕ ತಪ್ಪುವ ಅಪಾಯ, ಜತೆಗೆ ಇವನು ಎಲ್ಲ ಹೆಣೆದುಕೊಂಡು ಬಂದಿದ್ದಾನೆ ಎಂಬ ಗುಮಾನಿ ಕೇಳುಗರಲ್ಲಿ ಹುಟ್ಟುತ್ತದೆ. ಗಟ್ಟಿ ವಾದಗಳನ್ನು ಮೊದಲಿಗೂ ಕೊನೆಗೂ ಇಡಿ, ಸಾಧಾರಣವಾದವನ್ನು ನಡುವೆ ಸೇರಿಸಿ. ಕರುಣೆ ಹುಟ್ಟಿಸುವ ಮಾತು ಚಿಕ್ಕದಿರಲಿ, ಏಕೆಂದರೆ ಕಣ್ಣೀರಿನಷ್ಟು ಬೇಗ ಒಣಗುವುದು ಬೇರೊಂದಿಲ್ಲ.

ನೆನಪಿನ ಪಾಠ ಇನ್ನೂ ಸೊಗಸು. ಚೆನ್ನಾಗಿ ಗೊತ್ತಿರುವ ಒಂದು ಕಟ್ಟಡವನ್ನು ಮನಸ್ಸಿನಲ್ಲಿ ನಡೆದಾಡಿ, ಸುಮಾರು 30 ಅಡಿಗೆ ಒಂದರಂತೆ ಜಾಗಗಳನ್ನು ಗುರುತಿಸಿಕೊಳ್ಳಬೇಕು. ಪ್ರತಿ ಜಾಗದಲ್ಲೂ ನೆನಪಿಡಬೇಕಾದ ಸಂಗತಿಯ ಒಂದು ಚಿತ್ರ. ಐದನೆಯದರಲ್ಲಿ ಐದು ಬೆರಳಿನ ಗುರುತಾಗಿ ಚಿನ್ನದ ಕೈ ಇಟ್ಟುಕೊಂಡರೆ ಎಣಿಕೆ ತಪ್ಪುವುದಿಲ್ಲ. ಜಾಗ ತೀರ ಬೆಳಕಿದ್ದರೆ ಚಿತ್ರ ಕಣ್ಣು ಕೋರೈಸುತ್ತದೆ, ಕತ್ತಲಿದ್ದರೆ ಕಾಣುವುದಿಲ್ಲ, ಜನಸಂದಣಿಯಿದ್ದರೆ ಮಸುಕಾಗುತ್ತದೆ. ಒಂದೇ ತೆರನ ಕಂಬಗಳ ಸಾಲನ್ನು ಆರಿಸಿಕೊಂಡರೆ ಯಾವುದು ಎಲ್ಲಿತ್ತೆಂಬುದೇ ಕಲಸಿಹೋಗುತ್ತದೆ. ಚಿತ್ರವೂ ಸಪ್ಪೆಯಾಗಿರಬಾರದು, ಕಿರೀಟ ತೊಟ್ಟದ್ದೋ ರಕ್ತ ಮೆತ್ತಿದ್ದೋ ನಗೆ ತರಿಸುವಂಥದ್ದೋ ಆಗಿರಬೇಕು. ಇದರ ಮಿತಿಯನ್ನು ತೋರಿಸಿದವನು ಸುಮಾರು 180 ವರ್ಷಗಳ ನಂತರದ ಮೇಷ್ಟ್ರು ಕ್ವಿಂಟಿಲಿಯನ್: ವಿಷಯಗಳ ಕ್ರಮ ಹೀಗೆ ನಿಲ್ಲುತ್ತದೆ, ಆದರೆ ಪದಪದವನ್ನೂ ಹೀಗೆ ಹಿಡಿಯಹೋದರೆ ಮಾತಿನ ಓಟವೇ ಕೆಡುತ್ತದೆ, 'ಆದರೆ', 'ಮತ್ತು' ಎಂಬುವಕ್ಕೆ ಯಾವ ಚಿತ್ರ ಬರೆಯುವಿರಿ? ಬಾಯಿಪಾಠಕ್ಕೆ ಅವನು ಹೇಳುವ ದಾರಿ ಸರಳ. ಭಾಗ ಭಾಗವಾಗಿ ಕಲಿಯಿರಿ, ಬರೆದ ಹಲಗೆಯಿಂದಲೇ ಕಲಿಯಿರಿ; ಆಗ ಸಾಲು, ಪುಟ, ಕಾಟು ಹೊಡೆದ ಜಾಗ ಎಲ್ಲ ಕಣ್ಣಮುಂದೆ ಬರುತ್ತವೆ.

ಇಷ್ಟೆಲ್ಲ ಬಲ್ಲವರೂ ಸೋತಿದ್ದಾರೆ. ಕ್ರಿ.ಪೂ. 52ರಲ್ಲಿ ಮಿಲೊ ಎಂಬವನ ಮೇಲೆ ಕೊಲೆ ಮೊಕದ್ದಮೆ, ಅವನ ಪರ ಸಿಸೆರೊ. ಸುತ್ತ ಸೈನಿಕರು, ಎದುರಾಳಿಗಳ ಬೊಬ್ಬೆ. ಸಿಸೆರೊ ಅಳುಕಿದ, 38 ಮತ ಶಿಕ್ಷೆಗೆ, 13 ಬಿಡುಗಡೆಗೆ. ಇಂದು ನಾವು ಓದುವ ಆ ಅದ್ಭುತ ಭಾಷಣ ಅವನು ಆಮೇಲೆ ಕುಳಿತು ಬರೆದದ್ದು. ಕೈಗೆ ಸಿಕ್ಕ ಪಠ್ಯವೇ ಅಂದು ಆಡಿದ ಮಾತು ಎಂದು ನಂಬಿ ಮೋಸಹೋಗಬಾರದು.

ಇನ್ನು ತತ್ತ್ವ. ಸೆನೆಕನ ತಂದೆ ವಾಕ್ಪಟುಗಳ ಅಭ್ಯಾಸಭಾಷಣಗಳನ್ನು ಸಂಗ್ರಹಿಸಿದವನು, ಮಗ ಬೆಳೆದದ್ದು ಆ ವಾತಾವರಣದಲ್ಲಿ. ಅದಕ್ಕೇ ಕೋಪವನ್ನು ಕುರಿತ ಪುಸ್ತಕದಲ್ಲಿ ಅವನ ಮಾತು ವಕೀಲನ ಮಾತಿನಂತೆಯೇ ಇದೆ: ದಿನವೂ ರಾತ್ರಿ ನನ್ನ ಮುಂದೆ ನನ್ನ ಮೊಕದ್ದಮೆ ನಡೆಸುತ್ತೇನೆ. ದೀಪ ತೆಗೆದ ಮೇಲೆ, ಹೆಂಡತಿ ಮೌನವಾದ ಮೇಲೆ, ಇಡೀ ದಿನದ ತನಿಖೆ. ಇಂದು ಯಾವ ದುರ್ಗುಣ ವಾಸಿಯಾಯಿತು, ಯಾವುದನ್ನು ತಡೆದೆ, ಎಲ್ಲಿ ಸುಧಾರಿಸಿದೆ? ಅವನೇ ಕೊಡುವ ಒಂದು ಉದಾಹರಣೆ: ಒಬ್ಬನಿಗೆ ಅತಿಯಾಗಿ ಬುದ್ಧಿ ಹೇಳಿದೆ, ಅವನು ತಿದ್ದಿಕೊಳ್ಳಲಿಲ್ಲ, ನೊಂದುಕೊಂಡ. ತೀರ್ಪು: ಮತ್ತೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ. ಬಹಳ ಜನ ಈ ಅಭ್ಯಾಸ ಹಿಡಿದು ವಾರದಲ್ಲೇ ಬಿಡುವುದು ಆ ಕೊನೆಯ ಮಾತನ್ನು ಕೈಬಿಟ್ಟು ಬರಿಯ ಆರೋಪಪಟ್ಟಿ ಓದಿಕೊಳ್ಳುವುದರಿಂದ ಎಂದು ನನ್ನ ಎಣಿಕೆ.

ಸೆನೆಕ ಗೆಳೆಯನಿಗೆ ಬರೆದ ಪತ್ರಗಳಲ್ಲಿ ಹದಿನೆಂಟನೆಯದರಲ್ಲಿ ಇನ್ನೊಂದು ಅಭ್ಯಾಸವಿದೆ. ಮೂರು ನಾಲ್ಕು ದಿನ ಅತ್ಯಂತ ಅಗ್ಗದ ಊಟ, ಒರಟು ಬಟ್ಟೆ, ಗಟ್ಟಿ ಹಾಸಿಗೆ. ಆಮೇಲೆ ಕೇಳಿಕೋ, ನಾನು ಹೆದರುತ್ತಿದ್ದುದು ಇದಕ್ಕೇನಾ? ಇದೇನು ಘನಕಾರ್ಯವೆಂದು ಬೀಗಬೇಡ, ಸಾವಿರಾರು ಗುಲಾಮರು, ಬಡವರು ದಿನವೂ ಮಾಡುತ್ತಿರುವುದು ಇದನ್ನೇ ಎಂದೂ ಅವನೇ ಸೇರಿಸುತ್ತಾನೆ. ಈ ಸಾಲಿಗಾಗಿ ಸೆನೆಕನ ಮೇಲೆ ನನಗೆ ಗೌರವ. ಹಾಗೆಂದು ಅವನನ್ನು ಋಷಿಯೆಂದು ಕೂರಿಸಲಾರೆ. ಅವನು ಭಾರಿ ಸಿರಿವಂತ. ಅವನ ಶಿಷ್ಯನಾಗಿದ್ದ ಚಕ್ರವರ್ತಿ ನೀರೊ ತನ್ನ ತಾಯಿಯನ್ನು ಕೊಲ್ಲಿಸಿದಾಗ ಅದನ್ನು ಸಮರ್ಥಿಸುವ ಪತ್ರಕ್ಕೆ ಸೆನೆಕನ ಪದಗಳೇ ಒದಗಿದವೆಂದು ಜನ ದೂಷಿಸಿದ್ದನ್ನು ಇತಿಹಾಸಕಾರ ಟಾಸಿಟಸ್ ದಾಖಲಿಸಿದ್ದಾನೆ. ಮಾತಿನ ಕಸುಬು ಹೀಗೂ ಮಾರಾಟವಾಗುತ್ತದೆ, ಇದನ್ನು ಮರೆಮಾಚಿ ಓದುವುದು ತಪ್ಪು.

ಎಲ್ಲಿಂದ ಆರಂಭಿಸಲಿ ಎನ್ನುವವರಿಗೆ: ಸೆನೆಕನ 124 ಪತ್ರಗಳಲ್ಲಿ 1, 18, 47, ದಿನಕ್ಕೊಂದರಂತೆ. 47ನೆಯದು ಗುಲಾಮರೂ ಮನುಷ್ಯರೇ ಎಂದು ವಾದಿಸುವ ಪತ್ರ. ಬಳಿಕ ವೆರ್ರೆಸ್ ವಿರುದ್ಧದ ಮೊದಲ ಭಾಷಣ, ಗಟ್ಟಿಯಾಗಿ, ನಿಂತುಕೊಂಡು. ಆಮೇಲೆ ಕೈಪಿಡಿಯ ಮೂರನೆಯ ಪುಸ್ತಕ. ತತ್ತ್ವಜ್ಞಾನಿಯೂ ಆಗಿದ್ದ ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಟಿಪ್ಪಣಿಗಳಿಗೆ ಮೊದಲೇ ಕೈಹಾಕಿ ನಿಂತುಹೋದವರು ಬಹಳ. ಅದರ ಮೊದಲ ಪುಸ್ತಕವಿಡೀ ತನ್ನನ್ನು ಬೆಳೆಸಿದವರಿಗೆ ಹೇಳಿದ ಕೃತಜ್ಞತೆ, ಆ ಹೆಸರುಗಳು ಹೊಸಬರಿಗೆ ಏನೂ ಹೇಳವು. ಅದನ್ನು ಎರಡನೆಯ ಪುಸ್ತಕದಿಂದ ಹಿಡಿದು, ಕೊನೆಯಲ್ಲಿ ಮೊದಲನೆಯದಕ್ಕೆ ಬನ್ನಿ.