ಫೈಲಿಗೂ ಕ್ಯೂ

ಶನಿವಾರ ಬೆಳಿಗ್ಗೆ ಲೈಬ್ರರಿಯಿಂದ ಮೆಸೇಜು ಬಂತು: ನೀವು ಕಾಯುತ್ತಿದ್ದ ಕಾದಂಬರಿ ಸಿದ್ಧವಿದೆ, ಮೂರು ದಿನದೊಳಗೆ ಪಡೆದುಕೊಳ್ಳಿ. ಹೆಸರು ಬರೆಸಿದ್ದು ಬೇಸಿಗೆಯಲ್ಲಿ, ಈಗ ಟೊರಾಂಟೊದಲ್ಲಿ ಹಿಮ ಬೀಳುತ್ತಿದೆ. ಇಷ್ಟು ಕಾದದ್ದು ಕಾಗದದ ಪುಸ್ತಕಕ್ಕಲ್ಲ, ಇ-ಪುಸ್ತಕಕ್ಕೆ.

ಚಾಳೀಸು ಬಂದ ಮೇಲೆ ನನಗೆ ಸಣ್ಣಕ್ಷರ ಹಿಂಸೆ. ನನ್ನ ಪಾಡು ನೋಡಿ ನ್ಯೂಜೆರ್ಸಿಯ ಅಣ್ಣ ಅಮೆಜಾನಿನ ಕಿಂಡಲ್ ಇ-ರೀಡರ್ ಕೊಡಿಸಿದ್ದ. ಕಣ್ಣಿಗೆ ಹಿತವಾದ ಪರದೆ, ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತೆ, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಚಿಂತೆಯಿಲ್ಲ. ಆದರೆ ಅದಕ್ಕೆ ಪುಸ್ತಕ ಬರಬೇಕಾದರೆ ಲೈಬ್ರರಿ ಅಮೆರಿಕದ್ದೇ ಆಗಿರಬೇಕು. ಅಣ್ಣ ಅಲ್ಲಿ ಗುಂಡಿ ಒತ್ತಿದರೆ ಪುಸ್ತಕ ಬಂದು ಕೂರುತ್ತದೆ. ನಯಾಗರಾದಿಂದ ಈಚೆ ಆ ಗುಂಡಿಯೇ ಇಲ್ಲ. ಈ ಊರಲ್ಲೇ ಹುಟ್ಟಿದ ಕೋಬೋ ಕಂಪನಿಯ ರೀಡರ್ ಇದ್ದವರು ಲೈಬ್ರರಿ ಖಾತೆಯನ್ನು ಯಂತ್ರಕ್ಕೇ ಜೋಡಿಸಿಕೊಳ್ಳುತ್ತಾರೆ. ಹಾಗಂತ ಅಣ್ಣ ಕೊಟ್ಟದ್ದನ್ನು ಮೂಲೆಗೆ ಹಾಕಿ ಇನ್ನೊಂದು ಕೊಳ್ಳುವುದು ಹೇಗೆ?

ಗೆಳೆಯನ ಮನೆಯಲ್ಲಿ ಬೇರೆ ಕಂಪನಿಯದೊಂದು ಹಳೇ ರೀಡರ್ ಧೂಳು ತಿನ್ನುತ್ತಿತ್ತು, ಅದನ್ನು ತಂದುಕೊಂಡೆ. ಪುಸ್ತಕ ಡೌನ್‌ಲೋಡ್ ಮಾಡಿದರೆ ಇಳಿದದ್ದು ಕೆಲವೇ ಕೆಬಿಯ ಎಸಿಎಸ್‌ಎಂ ಫೈಲು. ಅದು ಪುಸ್ತಕವಲ್ಲ, ಪುಸ್ತಕ ತರಿಸಿಕೊಳ್ಳುವ ಚೀಟಿ. ಚೀಟಿ ತೆರೆಯಲು ಕಂಪ್ಯೂಟರಿನಲ್ಲಿ ಬೇರೊಂದು ಸಾಫ್ಟ್‌ವೇರ್, ಅದಕ್ಕೊಂದು ಐಡಿ, ಪಾಸ್‌ವರ್ಡ್, ಆಮೇಲೆ ವೈರು. ಇಷ್ಟೆಲ್ಲ ಆದ ಮೇಲೆ ಯಂತ್ರ ಹೇಳಿದ್ದು, ನಾನು ಬೇರೆಯವರ ಐಡಿಗೆ ಸೇರಿದ್ದೇನೆ ಅಂತ. ಗೆಳೆಯನಿಗೆ ಫೋನ್ ಮಾಡಿದರೆ, "ಆ ಇಮೇಲೇ ಈಗಿಲ್ಲ ಮಾರಾಯ" ಅಂದ.

"ಪಕ್ಕದ ರಸ್ತೇಲೇ ಲೈಬ್ರರಿ ಇದೆಯಲ್ಲ ರೀ, ಪುಸ್ತಕಾನೇ ತರಬಾರದಾ?" ಅಂದಳು ಹೆಂಡತಿ. ಈ ಕಾದಂಬರಿಗೆ ದೊಡ್ಡಕ್ಷರದ ಪ್ರತಿ ಬಂದಿಲ್ಲ ಅಂದರೆ, "ಹಾಗಾದ್ರೆ ಕನ್ನಡಕ ಹಾಕ್ಕೊಳ್ಳಿ" ಅಂತ ಒಳಗೆ ಹೋದಳು.

ನನಗೆ ಮೈ ಉರಿಯುವುದು ಈ ಕ್ಯೂ ನೆನೆದಾಗ. ಫೈಲು ಅಂದರೆ ಸಾವಿರ ಜನಕ್ಕೆ ಒಟ್ಟಿಗೇ ಕೊಡಬಹುದಾದದ್ದು. ಆದರೆ ಬಹುತೇಕ ಪರವಾನಗಿಗಳ ಪ್ರಕಾರ ಒಂದು ಪ್ರತಿ ಒಂದು ಹೊತ್ತಿಗೆ ಒಬ್ಬರಿಗೇ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ, 26 ಸಲ ಎರವಲು ಹೋದ ಮೇಲೆ ಲೈಬ್ರರಿ ಇ-ಪುಸ್ತಕವನ್ನು ಮತ್ತೆ ಕೊಳ್ಳಬೇಕು ಎಂದು ನಿಯಮ ಮಾಡಿತು. ಇನ್ನು ಕೆಲವು ಪ್ರಕಾಶಕರ ಪರವಾನಗಿ ಎರಡು ವರ್ಷಕ್ಕೆ ಮುಗಿಯುತ್ತದೆ. ಹಾಳೆ ಹರಿಯದ, ರಟ್ಟು ಕಿತ್ತುಹೋಗದ ಪುಸ್ತಕಕ್ಕೆ ಈ ಆಯಸ್ಸು! ಓದುಗರು ಅಂಗಡಿಯಲ್ಲಿ ಕೊಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆಯನ್ನು ಲೈಬ್ರರಿಗಳು ತೆರುವುದುಂಟು. ಕೌಂಟರಿನವರ ಮೇಲೆ ರೇಗಿ ಏನೂ ಪ್ರಯೋಜನವಿಲ್ಲ.

ಕೊನೆಗೆ ಫೋನಿನಲ್ಲೇ ತೆರೆದೆ. ಅಕ್ಷರ ದೊಡ್ಡದು ಮಾಡಿದರೆ ಪರದೆಗೆ ನಾಲ್ಕು ವಾಕ್ಯ. ಅಷ್ಟರಲ್ಲಿ ಮೇಲಿಂದ ವಾಟ್ಸಾಪ್ ಇಣುಕುತ್ತದೆ. ಕಥೆ ಮಾತ್ರ ಚೆನ್ನಾಗಿದೆ. ಅರ್ಧ ದಾಟಿದ್ದೇನೆ, ಹಿಂದೆ ಜನ ಕಾಯುತ್ತಿರುವುದರಿಂದ ಅವಧಿ ಮುಂದುವರಿಸಲು ಬಿಡುತ್ತಿಲ್ಲ. ಗುರುವಾರ ರಾತ್ರಿ ಅದು ತಾನಾಗಿಯೇ ಹೋಗಿಬಿಡುತ್ತದೆ. ಅಷ್ಟರಲ್ಲಿ ಮುಗಿಯುವ ಲಕ್ಷಣ ಕಾಣದೆ ಮತ್ತೆ ಹೆಸರು ಬರೆಸಿಟ್ಟಿದ್ದೇನೆ.